ಎಳೆಯೋದು ಎಂಜಿನ್, ನಿಲ್ಲಿಸೋದು ಯಾರು?

ವೀಕ್ಷಕರು ಕಳಿಸೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ರಾಜಕೀಯದ್ದೇ ಇರುತ್ತೆ. ಯಾರು ಸಿಎಂ ಆಗ್ತಾರೆ, ಯಾರು ಪಕ್ಷ ಬಿಡ್ತಾರೆ, ಇದೇ. ಬಸವೇಶ್ವರನಗರದ ಹಿರಿಯರೊಬ್ಬರು ಮಾತ್ರ ಬೇರೆ ಪ್ರಶ್ನೆ ಕೇಳಿದ್ದರು. ಅವರ ಮಗ ಅಮೆರಿಕದಲ್ಲಿದ್ದಾನೆ. ಹೆಂಡತಿ ಮಕ್ಕಳ ಜೊತೆ ಊರೂರು ತಿರುಗೋಕೆ ಮೋಟಾರ್‌ಹೋಮ್ ಖರೀದಿಸಿದ್ದಾನೆ. ಅಡುಗೆಮನೆ, ಮಂಚ, ಬಚ್ಚಲು ಎಲ್ಲ ಒಳಗೇ ಇರೋ ಬಸ್ಸಿನಂಥ ಗಾಡಿ ಅದು. ಅದರ ಹಿಂದೆ ಒಂದು ಜೀಪನ್ನೂ ಕಟ್ಟಿಕೊಂಡು ಹೋಗಬೇಕು ಅಂತ ಅವನ ಆಸೆ. "ಗ್ಯಾಸ್ ಗಾಡಿ ಅಂತೆ ಸಾರ್, ಅಷ್ಟು ಭಾರ ಎಳೆಯುತ್ತಾ? ಅಪಾಯ ಏನೂ ಇಲ್ವಾ?" ಅಂತ ಅಪ್ಪನ ಆತಂಕ.

ಮೊದಲು ಆ ಗ್ಯಾಸ್ ವಿಷಯ ಮುಗಿಸಿಬಿಡೋಣ. ನಮಗೆ ಗ್ಯಾಸ್ ಅಂದ ತಕ್ಷಣ ಕಣ್ಣ ಮುಂದೆ ಬರೋದು ಸಿಲಿಂಡರು. ಆಟೋ ಓಡಿಸೋರಿಗೆ ಎಲ್‌ಪಿಜಿ, ಸಿಎನ್‌ಜಿ. ಆದರೆ ಅಮೆರಿಕದಲ್ಲಿ ಗ್ಯಾಸ್ ಅಂದರೆ ಪೆಟ್ರೋಲು. ಗ್ಯಾಸೋಲಿನ್ ಅನ್ನೋದನ್ನ ಅವರು ಗ್ಯಾಸ್ ಅಂತ ಚಿಕ್ಕದು ಮಾಡಿಕೊಂಡಿದ್ದಾರೆ. ಗ್ಯಾಸ್ ಮೋಟಾರ್‌ಹೋಮ್ ಅಂದರೆ ಪೆಟ್ರೋಲ್ ಎಂಜಿನ್ ಇರೋ ಮೋಟಾರ್‌ಹೋಮ್, ಅಷ್ಟೇ. ಅಲ್ಲಿನ ಬಸ್ಸಿನಾಕಾರದ ಪೆಟ್ರೋಲ್ ಮೋಟಾರ್‌ಹೋಮ್‌ಗಳಲ್ಲಿ ಬಹುಪಾಲು ಫೋರ್ಡ್ ಕಂಪನಿಯ ಎಫ್-53 ಅನ್ನೋ ಚಾಸಿ ಮೇಲೆ ಕಟ್ಟಿದವು. ಮೊದಲು ಅದಕ್ಕೆ 6.8 ಲೀಟರಿನ ಹತ್ತು ಸಿಲಿಂಡರ್ ಎಂಜಿನ್ ಬರ್ತಿತ್ತು. 2020ರ ಮಾಡೆಲ್‌ನಿಂದ 7.3 ಲೀಟರಿನ ಎಂಟು ಸಿಲಿಂಡರ್ ಎಂಜಿನ್ ಬಂತು. ನಮ್ಮ ಸಣ್ಣ ಕಾರುಗಳ ಎಂಜಿನ್ 1.2 ಲೀಟರು. ಅಂದರೆ ಆರು ಕಾರಿನ ಎಂಜಿನ್ ಒಂದೇ ಕಡೆ ಕೂರಿಸಿದ ಹಾಗೆ. ಶಕ್ತಿಗೇನೂ ಕೊರತೆಯಿಲ್ಲ.

ಹಾಗಾದರೆ ಎಷ್ಟು ಬೇಕಾದರೂ ಎಳೆಯಬಹುದಾ? ಅಲ್ಲೇ ಇರೋದು ವಿಷಯ.

ಒಂದು ಗಾಡಿ ಎಷ್ಟು ಭಾರ ಎಳೆಯಬಹುದು ಅನ್ನೋದು ಒಂದೇ ಸಂಖ್ಯೆ ಅಲ್ಲ. ಮುಖ್ಯವಾಗಿ ಮೂರು ಸಂಖ್ಯೆ ನೋಡಬೇಕು. ಒಂದು, ಗಾಡಿಯ ಗರಿಷ್ಠ ಒಟ್ಟು ತೂಕ. ಗಾಡಿ, ಜನ, ಸಾಮಾನು, ಇಂಧನ, ನೀರು ಎಲ್ಲ ಸೇರಿ ಅದು ಇಷ್ಟು ದಾಟಬಾರದು ಅಂತ ತಯಾರಕರು ಬರೆದಿರ್ತಾರೆ. ಎರಡು, ಜೋಡಿ ತೂಕ. ಎಳೆಯೋ ಗಾಡಿ ಮತ್ತು ಎಳೆಸಿಕೊಳ್ಳೋ ಗಾಡಿ, ಎರಡೂ ಸೇರಿ ದಾಟಬಾರದ ಮಿತಿ. ಮೂರು, ಹಿಂದಿನ ಕೊಂಡಿಯ ಮಿತಿ. ಈ ಮೂರರಲ್ಲಿ ಯಾವುದು ಮೊದಲು ಮುಗಿಯುತ್ತೋ ಅದೇ ನಿಮ್ಮ ಮಿತಿ. ಸರಪಳಿಯಲ್ಲಿ ಸಣ್ಣ ಕೊಂಡಿ ಎಷ್ಟು ತಡೆಯುತ್ತೋ ಸರಪಳಿಯೂ ಅಷ್ಟೇ ತಡೆಯೋದು. ಇದೂ ಹಾಗೇ.

ಲೆಕ್ಕ ಹಾಕಿ ನೋಡೋಣ. ಒಂದು ಮೋಟಾರ್‌ಹೋಮ್‌ನ ಒಟ್ಟು ತೂಕದ ಮಿತಿ 22,000 ಪೌಂಡ್ ಅಂದುಕೊಳ್ಳಿ, ನಮ್ಮ ಲೆಕ್ಕದಲ್ಲಿ ಸುಮಾರು 9,980 ಕೆಜಿ. ಜೋಡಿ ತೂಕದ ಮಿತಿ 26,000 ಪೌಂಡ್, ಅಂದರೆ 11,790 ಕೆಜಿ. ಕೊಂಡಿಯ ಮೇಲೆ 5,000 ಪೌಂಡ್ ಅಂತ ಅಚ್ಚೊತ್ತಿದೆ, ಅದು 2,270 ಕೆಜಿ. ಕೊಂಡಿ ನೋಡಿದವನು "ಎರಡು ಕಾಲು ಟನ್ ಎಳೆಯಬಹುದು" ಅಂತಾನೆ. ಆದರೆ ಮೋಟಾರ್‌ಹೋಮ್ ಪೂರ್ತಿ ತುಂಬಿದ್ದರೆ 11,790ರಲ್ಲಿ 9,980 ಕಳೆದು ಉಳಿಯೋದು 1,810 ಕೆಜಿ ಮಾತ್ರ. ನಾಲ್ಕು ಬಾಗಿಲಿನ ಜೀಪ್ ರ್‍ಯಾಂಗ್ಲರ್ ಸುಮಾರು 2,000 ಕೆಜಿ ತೂಗುತ್ತೆ. ಕೊಂಡಿ ತಡೆಯುತ್ತೆ, ಎಂಜಿನ್ನೂ ಎಳೆದುಬಿಡುತ್ತೆ. ಆದರೆ ಜೋಡಿ ತೂಕ 190 ಕೆಜಿ ಜಾಸ್ತಿಯಾಯ್ತು. ರಸ್ತೆಯಲ್ಲಿ ಹೋಗ್ತಿರುವಾಗ ಇದು ಗೊತ್ತೇ ಆಗಲ್ಲ. ಗೊತ್ತಾಗೋದು ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ.

ಫೋರ್ಡ್ ಕಂಪನಿಯ ಮಾರ್ಗಸೂಚಿಯಲ್ಲೇ ಒಂದು ಎಚ್ಚರಿಕೆ ಇದೆ. ಗಾಡಿಯ ಬ್ರೇಕನ್ನು ಲೆಕ್ಕ ಹಾಕಿ ಮಾಡಿರೋದು ಆ ಗಾಡಿಯ ಸ್ವಂತ ಒಟ್ಟು ತೂಕಕ್ಕೆ, ಜೋಡಿ ತೂಕಕ್ಕಲ್ಲ. ಒಟ್ಟು ತೂಕ ಅದನ್ನು ದಾಟಿತು ಅಂದರೆ ಹಿಂದೆ ಕಟ್ಟಿರೋದಕ್ಕೆ ಅದರದ್ದೇ ಬ್ರೇಕ್ ಇರಬೇಕು. ಅದಕ್ಕೇ ಅಲ್ಲಿ ಜೀಪನ್ನು ಎಳೆದುಕೊಂಡು ಹೋಗೋರು ಜೀಪಿನೊಳಗೆ ಒಂದು ಸಾಧನ ಇಡ್ತಾರೆ. ಮುಂದಿನ ಗಾಡಿಯವನು ಬ್ರೇಕ್ ಒತ್ತಿದರೆ ಅದು ಜೀಪಿನ ಬ್ರೇಕ್ ಪೆಡಲನ್ನೂ ಒತ್ತುತ್ತೆ. ಕೊಂಡಿ ಕಳಚಿದರೆ ಜೀಪು ತಾನಾಗೇ ನಿಲ್ಲೋ ಹಾಗೆ ಒಂದು ಸ್ವಿಚ್ಚೂ ಇರುತ್ತೆ. ಅಡ್ಡಡ್ಡ ಎರಡು ಸುರಕ್ಷಾ ಸರಪಳಿ ಬೇರೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ 3,000 ಪೌಂಡ್ ದಾಟಿದ ಟ್ರೇಲರಿಗೆ ಅದರದ್ದೇ ಬ್ರೇಕ್ ಇರಲೇಬೇಕು ಅನ್ನೋ ಕಾನೂನಿದೆ. ಅಂದರೆ ನಮ್ಮ ಲೆಕ್ಕದಲ್ಲಿ 1,360 ಕೆಜಿ.

ಆ ಹಿರಿಯರ ಮಗನಿಗೆ ನಾನು ಹೇಳಿದ್ದು ಇಷ್ಟು. ತುಂಬಿದ ಗಾಡಿಯನ್ನು ತೂಕದ ಸೇತುವೆ ಮೇಲೆ ನಿಲ್ಲಿಸಿ ತೂಗಿಸು, ಅಂದಾಜು ಬೇಡ. ಜೀಪಿಗೆ ಬ್ರೇಕ್ ಸಾಧನ ಹಾಕಿಸು. ಘಾಟಿ ಇಳಿಯುವಾಗ, ಹತ್ತಿದ ಗೇರಲ್ಲೇ ಇಳಿ. ಚಾರ್ಮಾಡಿಯಲ್ಲಿ ನಮ್ಮ ಲಾರಿ ಡ್ರೈವರುಗಳು ಹೇಳೋ ಮಾತೇ ಅಮೆರಿಕದ ಬೆಟ್ಟಕ್ಕೂ ಸಲ್ಲುತ್ತೆ. ಇನ್ನೊಂದು, ಹೊರಡೋ ಮುಂಚೆ ನೀರಿನ ತೊಟ್ಟಿ ಖಾಲಿ ಮಾಡು. ಆ ಗಾಡಿಗಳಲ್ಲಿ 300 ಲೀಟರ್ ನೀರು ಹಿಡಿಸೋದು ಸಾಮಾನ್ಯ. 300 ಲೀಟರ್ ಅಂದರೆ 300 ಕೆಜಿ. ಅದನ್ನು ಚೆಲ್ಲಿದರೆ ಮೇಲೆ ಹೇಳಿದ 190 ಕೆಜಿ ಹೆಚ್ಚುವರಿ ಅಲ್ಲೇ ಸರಿಹೋಯ್ತು. ತಲುಪಿದ ಮೇಲೆ ಬೇಕಾದರೆ ತುಂಬಿಸಿಕೊಳ್ಳಲಿ.

ಒಂದು ಲೀಟರ್ ನೀರು, ಒಂದು ಕೆಜಿ. ಇದು ನಮಗೆಲ್ಲ ಪ್ರೈಮರಿ ಶಾಲೆಯಲ್ಲೇ ಗೊತ್ತು. ಆದರೆ ನಮ್ಮ ಮನೆ ಬಾಗಿಲಿಗೆ ನೀರು ಬಂದಾಗ ನಾವು ಅದನ್ನು ತೂಕ ಅಂತ ನೋಡೋದೇ ಇಲ್ಲ, ಲೀಟರ್ ಅಂತ ನೋಡ್ತೀವಿ. ಅಮೆರಿಕದ ಮೋಟಾರ್‌ಹೋಮಿನ 300 ಲೀಟರ್ ಬಗ್ಗೆ ಇಷ್ಟು ಯೋಚನೆ ಮಾಡಿದ್ವಲ್ಲ, ಈಗ ಆ ಹಿರಿಯರ ಬಸವೇಶ್ವರನಗರಕ್ಕೇ ಬನ್ನಿ. ಹಾವನೂರು ಸರ್ಕಲ್ ದಾಟಿ ಒಳರಸ್ತೆಗೆ ತಿರುಗೋ ನೀರಿನ ಟ್ಯಾಂಕರ್ ನೋಡಿ. ಕೆಲವು ಲಾರಿ ಮೇಲೆ ಕೂರಿಸಿದ ಟ್ಯಾಂಕು. ಇನ್ನು ಕೆಲವು ಟ್ರ್ಯಾಕ್ಟರಿಗೆ ಕೊಂಡಿ ಹಾಕಿ ಎಳೆಸೋ ಟ್ಯಾಂಕು. ಆ ಟ್ರ್ಯಾಕ್ಟರ್ ಟ್ಯಾಂಕರ್ ಮಾಡ್ತಿರೋದೂ ಮೋಟಾರ್‌ಹೋಮ್ ಮಾಡ್ತಿರೋ ಕೆಲಸವನ್ನೇ. ಒಂದು ಎಂಜಿನ್, ಒಂದು ಕೊಂಡಿ, ಹಿಂದೆ ಒಂದು ಭಾರ.

ಲೆಕ್ಕ ಹಾಕಿ. ನಲವತ್ತೈದು, ಐವತ್ತು ಎಚ್‌ಪಿ ಟ್ರ್ಯಾಕ್ಟರಿನ ತೂಕ ಸುಮಾರು 2 ಟನ್. ಹಿಂದಿನ ಟ್ಯಾಂಕಿನಲ್ಲಿ 5,000 ಲೀಟರ್ ನೀರು ಅಂದರೆ 5 ಟನ್. ಕಬ್ಬಿಣದ ಟ್ಯಾಂಕು, ಚಕ್ರ, ಚೌಕಟ್ಟು ಸೇರಿ ಒಂದೂವರೆ ಟನ್ ಅಂತಿಟ್ಟುಕೊಳ್ಳೋಣ. ಹಿಂದೆ ಆರೂವರೆ ಟನ್, ಮುಂದೆ 2 ಟನ್. ತಲೆಗಿಂತ ಬಾಲ ಮೂರು ಪಟ್ಟು ಭಾರ! ಮೋಟಾರ್‌ಹೋಮಿನ ಲೆಕ್ಕದಲ್ಲಿ ಎಳೆಯೋ ಗಾಡಿ 10 ಟನ್, ಹಿಂದಿನದು 2 ಟನ್. ಇಲ್ಲಿ ಪೂರ್ತಿ ಉಲ್ಟಾ.

ಟ್ರ್ಯಾಕ್ಟರ್ ಎಳೆಯಲ್ಲ ಅಂತ ನಾನು ಹೇಳ್ತಿಲ್ಲ. ಚೆನ್ನಾಗೇ ಎಳೆಯುತ್ತೆ. ಅದು ಹುಟ್ಟಿರೋದೇ ಎಳೆಯೋಕೆ. ಮಂಡ್ಯದಲ್ಲಿ, ಬೆಳಗಾವಿ, ಬಾಗಲಕೋಟೆಯಲ್ಲಿ ಕಬ್ಬಿನ ಸೀಸನ್ನಿನಲ್ಲಿ ಒಂದೇ ಟ್ರ್ಯಾಕ್ಟರ್ ಎರಡೆರಡು ಟ್ರೇಲರ್ ಎಳೆಯೋದನ್ನ ನೀವೆಲ್ಲ ನೋಡಿದ್ದೀರಿ. ಕಡಿಮೆ ಗೇರಿನಲ್ಲಿ ದೊಡ್ಡ ಚಕ್ರ ನಿಧಾನಕ್ಕೆ ತಿರುಗಿಸಿ ಭಾರ ಎಳೆಯೋದರಲ್ಲಿ ಅದಕ್ಕೆ ಸಾಟಿಯಿಲ್ಲ. ಪ್ರಶ್ನೆ ಎಳೆಯೋದರದ್ದಲ್ಲ, ನಿಲ್ಲಿಸೋದರದ್ದು.

ಸಾಮಾನ್ಯ ಟ್ರ್ಯಾಕ್ಟರಿನಲ್ಲಿ ಬ್ರೇಕ್ ಇರೋದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಅದರಲ್ಲೂ ಬಲಗಡೆಗೊಂದು, ಎಡಗಡೆಗೊಂದು ಬೇರೆ ಬೇರೆ ಪೆಡಲು. ಹೊಲದ ತುದಿಯಲ್ಲಿ ಗಿರಕ್ಕನೆ ತಿರುಗೋಕೆ ಅದು ಬೇಕು. ಆದರೆ ರಸ್ತೆಗೆ ಬಂದಾಗ ಎರಡೂ ಪೆಡಲಿಗೆ ಚಿಲಕ ಹಾಕಿ ಒಂದು ಮಾಡಲೇಬೇಕು. ಮರೆತರೆ? ಗಾಬರಿಯಲ್ಲಿ ಕಾಲು ಒಂದೇ ಪೆಡಲಿನ ಮೇಲೆ ಬಿತ್ತು ಅಂದರೆ ಒಂದೇ ಚಕ್ರ ನಿಲ್ಲುತ್ತೆ, ಟ್ರ್ಯಾಕ್ಟರ್ ಆ ಕಡೆಗೆ ತಿರುಗಿಬಿಡುತ್ತೆ. ಹಿಂದಿನ ಆರೂವರೆ ಟನ್ ಮಾತ್ರ ನೇರ ಮುಂದಕ್ಕೇ ನುಗ್ಗುತ್ತೆ. ಚಾಕು ಮಡಚಿದ ಹಾಗೆ ಎರಡೂ ಮಡಚಿಕೊಳ್ತವೆ. ಮಡಚಿಕೊಳ್ಳೋ ಜಾಗದಲ್ಲಿ ಸ್ಕೂಟರಿನವನಿದ್ದರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಟ್ಯಾಂಕರಿಗೆ ಅದರದ್ದೇ ಬ್ರೇಕ್ ಇಲ್ಲ ಅಥವಾ ಇದ್ದೂ ಕೆಲಸ ಮಾಡ್ತಿಲ್ಲ ಅಂದುಕೊಳ್ಳಿ. ಆಗ 2 ಟನ್ನಿನ ಟ್ರ್ಯಾಕ್ಟರಿನ ಬ್ರೇಕು ಒಟ್ಟು ಎಂಟೂವರೆ ಟನ್ ನಿಲ್ಲಿಸಬೇಕು. ಭಾರ ನಾಲ್ಕು ಪಟ್ಟಿಗಿಂತ ಜಾಸ್ತಿ, ಬ್ರೇಕು ಅಷ್ಟೇ. ಅಲ್ಲಿಗೆ ನಿಲ್ಲೋಕೆ ಬೇಕಾದ ದೂರವೂ ಹೆಚ್ಚುಕಡಿಮೆ ನಾಲ್ಕು ಪಟ್ಟು. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಬರೀ ಟ್ರ್ಯಾಕ್ಟರ್ 4 ಮೀಟರಿನಲ್ಲಿ ನಿಂತರೆ, ಟ್ಯಾಂಕರ್ ಸಮೇತ ಸುಮಾರು 17 ಮೀಟರ್ ಬೇಕು. ನಮ್ಮ ಭಾಷೆಯಲ್ಲಿ ಹೇಳ್ತೀನಿ. 30-40 ಸೈಟಿನ ಮುಂಭಾಗ 30 ಅಡಿ. ಬರೀ ಟ್ರ್ಯಾಕ್ಟರ್ ಅರ್ಧ ಸೈಟಿನೊಳಗೇ ನಿಲ್ಲುತ್ತೆ. ನೀರು ತುಂಬಿದ ಟ್ಯಾಂಕರ್ ಎಳೆಯೋ ಟ್ರ್ಯಾಕ್ಟರ್ ಹತ್ತಿರ ಹತ್ತಿರ ಎರಡು ಮನೆ ದಾಟಿ ನಿಲ್ಲುತ್ತೆ. ಗೇಟಿನಿಂದ ಚೆಂಡಿನ ಹಿಂದೆ ಓಡಿ ಬಂದ ಮಗುವಿಗೆ ಈ ಲೆಕ್ಕ ಗೊತ್ತಿರುತ್ತಾ?

ಇದು ಸಮತಟ್ಟು ರಸ್ತೆಯ ಮಾತು. ಪಶ್ಚಿಮ ಬೆಂಗಳೂರು ಎಲ್ಲಿ ಸ್ವಾಮಿ ಸಮತಟ್ಟಾಗಿದೆ? ಕುರುಬರಹಳ್ಳಿಯಿಂದ ಮಹಾಲಕ್ಷ್ಮಿ ಬಡಾವಣೆಯ ಆಂಜನೇಯನ ಗುಡ್ಡದ ಕಡೆ ಹೋಗಿ, ಕಮಲಾನಗರದ ಅಡ್ಡರಸ್ತೆಗಳನ್ನ ನೋಡಿ, ಏರಿಳಿತ ನಿಮಗೇ ಕಾಣುತ್ತೆ. ಹತ್ತು ಅಡಿ ಹೋದರೆ ಒಂದು ಅಡಿ ಇಳಿಯೋ ರಸ್ತೆ ಅಂದುಕೊಳ್ಳಿ. ಅಲ್ಲಿ ಒಟ್ಟು ತೂಕದ ಹತ್ತನೇ ಒಂದು ಭಾಗ ಸದಾ ಕೆಳಕ್ಕೆ ತಳ್ತಾ ಇರುತ್ತೆ. ಎಂಟೂವರೆ ಟನ್ನಿಗೆ 850 ಕೆಜಿಯಷ್ಟು ಒತ್ತಡ. ಏರುವಾಗ ಇನ್ನೊಂದು ತೊಂದರೆ. ಹಿಂದಿನ ಭಾರ ಕೊಂಡಿಯನ್ನು ಹಿಂದಕ್ಕೂ ಕೆಳಕ್ಕೂ ಎಳೆದಾಗ ಟ್ರ್ಯಾಕ್ಟರಿನ ಮುಂದಿನ ಚಕ್ರ ಹಗುರಾಗುತ್ತೆ. ಕೊಂಡಿ ಎತ್ತರದಲ್ಲಿದ್ದರೆ ಚಕ್ರ ನೆಲ ಬಿಟ್ಟೇ ಏಳಬಹುದು. ಮುಂದಿನ ಚಕ್ರ ನೆಲದ ಮೇಲಿಲ್ಲ ಅಂದರೆ ಸ್ಟೇರಿಂಗ್ ಇದ್ದೂ ಇಲ್ಲದ ಹಾಗೆ.

ನೀರಿಗೆ ಇನ್ನೊಂದು ಗುಣ ಇದೆ. ಮರಳು, ಇಟ್ಟಿಗೆ ಹಾಕಿದ ಜಾಗದಲ್ಲೇ ಇರುತ್ತೆ. ನೀರು ಇರಲ್ಲ. ಬ್ರೇಕ್ ಹಾಕಿದರೆ ಪೂರ್ತಿ ನೀರು ಮುಂದಕ್ಕೆ ನುಗ್ಗಿ ಟ್ಯಾಂಕಿನ ಗೋಡೆಗೆ ಗುದ್ದುತ್ತೆ, ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತೆ. ಟ್ಯಾಂಕ್ ಪೂರ್ತಿ ತುಂಬಿದ್ದರೆ ಅಲುಗಾಟಕ್ಕೆ ಜಾಗ ಕಮ್ಮಿ. ಅರ್ಧ ಖಾಲಿಯಾದಾಗಲೇ ಅಪಾಯ ಜಾಸ್ತಿ. ಒಂದು ಮನೆಗೆ ಅರ್ಧ ಇಳಿಸಿ, ಉಳಿದದ್ದನ್ನ ಮುಂದಿನ ರಸ್ತೆಗೆ ಒಯ್ತಾರಲ್ಲ, ಅದೇ ಹೊತ್ತು. ಅದಕ್ಕಾಗೇ ಒಳ್ಳೆ ಟ್ಯಾಂಕರುಗಳ ಒಳಗೆ ತೂತಿರೋ ಅಡ್ಡ ತಗಡುಗಳನ್ನ ಬೆಸೆದಿರ್ತಾರೆ, ನೀರಿನ ಓಟ ಮುರಿಯೋಕೆ. ಹೊರಗಿನಿಂದ ನೋಡಿದರೆ ಅದು ಇದೆಯೋ ಇಲ್ಲವೋ ಗೊತ್ತಾಗಲ್ಲ. ಕೇಳಿಯೇ ತಿಳ್ಕೋಬೇಕು.

ಹಾಗಾದರೆ ಲಾರಿ ಟ್ಯಾಂಕರ್ ಸೇಫಾ? ಅದಕ್ಕೆ ಕೊಂಡಿಯ ಕಾಟ ಇಲ್ಲ, ಎಲ್ಲ ಚಕ್ರಕ್ಕೂ ಬ್ರೇಕ್ ಇರುತ್ತೆ. ಆದರೆ ತೂಕದ ಲೆಕ್ಕ ತಪ್ಪಲ್ಲ. ಆರು ಚಕ್ರದ ಎರಡು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿ ಮೊದಲು 16.2 ಟನ್ ಇತ್ತು. 2018ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಅದನ್ನು 18.5 ಟನ್‌ಗೆ ಏರಿಸಿತು. 12,000 ಲೀಟರ್ ಟ್ಯಾಂಕರ್ ಅಂದರೆ ನೀರೇ 12 ಟನ್. ಲಾರಿ ಮತ್ತು ಖಾಲಿ ಟ್ಯಾಂಕ್ ಸೇರಿ 6 ಟನ್ ಅಂದರೂ 18 ಟನ್ ಆಯ್ತು. ಹೊಸ ಲಾರಿಗೆ ಅಂಚಿನಲ್ಲಿ ಸರಿಹೋಗುತ್ತೆ. ಹಳೇ ಲಾರಿ, ಆರ್‌ಸಿಯಲ್ಲಿ 16.2 ಅಂತಲೇ ಇದೆ ಅಂದರೆ 1.8 ಟನ್ ಓವರ್‌ಲೋಡ್. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ನು, 2019ರ ತಿದ್ದುಪಡಿ ಆದ ಮೇಲೆ, ಇದಕ್ಕೆ 20,000 ರೂಪಾಯಿ ದಂಡ ಹೇಳುತ್ತೆ. ಜೊತೆಗೆ ಹೆಚ್ಚುವರಿ ಪ್ರತಿ ಟನ್‌ಗೆ 2,000. ಜಾಸ್ತಿ ಭಾರ ಇಳಿಸೋ ತನಕ ಗಾಡಿ ಮುಂದೆ ಹೋಗೋ ಹಾಗಿಲ್ಲ ಅಂತಲೂ ಇದೆ.

ಕಾನೂನು ಕಠಿಣವಾಗೇ ಇದೆ. ಆದರೆ ನಮ್ಮ ಗಮನ ಎಲ್ಲಿತ್ತು? 2024ರ ಮಾರ್ಚ್ ನೆನಪಿಸಿಕೊಳ್ಳಿ. ಬೋರ್‌ವೆಲ್‌ಗಳು ಬತ್ತಿದವು, ಟ್ಯಾಂಕರ್ ದರ ಆಕಾಶಕ್ಕೇರಿತು, ನಮ್ಮ ಚಾನೆಲ್ ಸೇರಿ ಎಲ್ಲ ಚಾನೆಲ್‌ಗಳಲ್ಲೂ ದಿನವಿಡೀ ಅದೇ ಸುದ್ದಿ. ಆಗ ಬೆಂಗಳೂರು ನಗರ ಜಿಲ್ಲಾಡಳಿತ ದರ ನಿಗದಿ ಮಾಡಿತು. 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 8,000ಕ್ಕೆ 700, 12,000ಕ್ಕೆ 1,000. ಒಳ್ಳೆ ಕೆಲಸ, ಜನರಿಗೆ ಉಸಿರು ಬಂತು. ಆದರೆ ಗಮನಿಸಿ, ನಾವೆಲ್ಲ ಚರ್ಚೆ ಮಾಡಿದ್ದು ಲೀಟರು, ಕಿಲೋಮೀಟರು, ರೂಪಾಯಿ. ಟನ್ ಅನ್ನೋ ಮಾತು ನಮ್ಮ ಬಾಯಲ್ಲಿ ಬರಲಿಲ್ಲ. ಇಂಥ ದರಪಟ್ಟಿಯಲ್ಲಿ ದೊಡ್ಡ ಟ್ಯಾಂಕ್ ತಂದವನಿಗೆ ಟ್ರಿಪ್ ಉಳಿಯುತ್ತೆ, ಡೀಸೆಲ್ ಉಳಿಯುತ್ತೆ. ಕೊಳ್ಳೋರಿಗೂ ದೊಡ್ಡ ಟ್ಯಾಂಕೇ ಅಗ್ಗ. ಎಲ್ಲರಿಗೂ ಲಾಭ ಇರೋ ಈ ವ್ಯವಹಾರದಲ್ಲಿ ಭಾರ ಹೊರೋದು ಗಾಡಿಯ ಬ್ರೇಕು. ಮಾಲೀಕ ಟ್ರಿಪ್ ಲೆಕ್ಕದಲ್ಲಿ ಸಂಬಳ ಕೊಟ್ಟರೆ ಡ್ರೈವರ್ ನಿಧಾನಕ್ಕೆ ಹೋಗೋಕೂ ಆಗಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯ್ತು. ದಿನಕ್ಕೆ 77.5 ಕೋಟಿ ಲೀಟರ್ ನೀರು ತರೋ ಯೋಜನೆ ಅದು. ಹಾಗಂತ ಟ್ಯಾಂಕರ್ ಬೇಡ ಅನ್ನೋ ದಿನ ಬಂದುಬಿಡ್ತಾ? ಇಲ್ಲ. ಮನೆ ಕಟ್ಟೋರಿಗೆ, ಅಪಾರ್ಟ್‌ಮೆಂಟಿಗೆ, ಮದುವೆ ಛತ್ರಕ್ಕೆ ಟ್ಯಾಂಕರ್ ಬೇಕೇ ಬೇಕು. ಬೇಸಿಗೆಯಲ್ಲಂತೂ ಕೇಳೋದೇ ಬೇಡ. ಟ್ಯಾಂಕರಿನವರನ್ನ ಮಾಫಿಯಾ ಅಂತ ಬೈದು ಪ್ರಯೋಜನ ಇಲ್ಲ. ನೀರು ಕೊಡೋರು ಅವರೇ. ಅವರು ಸುರಕ್ಷಿತವಾಗಿ ಕೊಡಬೇಕು, ಅಷ್ಟೇ.

ಅದಕ್ಕೆ ನೀವೇನು ಮಾಡಬಹುದು? ಟ್ರ್ಯಾಕ್ಟರಿಗೆ ಮಾತ್ರವಲ್ಲ, ಟ್ರೇಲರಿಗೂ ಪ್ರತ್ಯೇಕ ನೋಂದಣಿ ಇದೆ. ಕಾಯ್ದೆಯ 61ನೇ ಸೆಕ್ಷನ್ ಪ್ರಕಾರ ಟ್ರೇಲರಿನ ಸ್ವಂತ ನಂಬರು ಅದರ ಪಕ್ಕದಲ್ಲಿ ಬರೆದಿರಬೇಕು. ಎಳೆಯೋ ಗಾಡಿಯ ನಂಬರೂ ಟ್ರೇಲರಿನ ಮೇಲೆ ಕಾಣಬೇಕು. ಎರಡೂ ಇಲ್ಲ ಅಂದರೆ ಆ ಟ್ಯಾಂಕರಿನ ತೂಕ ಎಷ್ಟು, ಮಿತಿ ಎಷ್ಟು ಅಂತ ಯಾವ ದಾಖಲೆಯಲ್ಲಿ ಹುಡುಕೋದು? ಇನ್ನೊಂದು ವಿಷಯ, ಹೊಲದ ಕೆಲಸಕ್ಕೆ ಅಂತ ನೋಂದಣಿಯಾದ ಟ್ರ್ಯಾಕ್ಟರಿನಲ್ಲಿ ಬಾಡಿಗೆಗೆ ನೀರು ಹೊಡೆದರೆ ಅದು ವಾಣಿಜ್ಯ ಬಳಕೆ. ನಾಳೆ ಅಪಘಾತವಾದರೆ ವಿಮಾ ಕಂಪನಿ ಇದನ್ನೇ ಹಿಡಿದು ತಕರಾರು ತೆಗೆಯಬಹುದು. ಕಾಲು ಕಳೆದುಕೊಂಡವನು ಪರಿಹಾರಕ್ಕೆ ಕೋರ್ಟಿಗೆ ಅಲೀಬೇಕು, ಇತ್ತ ಟ್ರ್ಯಾಕ್ಟರಿನ ಮಾಲೀಕ ಮನೆಮಠ ಮಾರಬೇಕಾಗುತ್ತೆ. ಇಬ್ಬರಿಗೂ ನಷ್ಟ.

ಒಂದು ರಸ್ತೆಯ ನಿವಾಸಿಗಳ ಸಂಘ, ಒಂದು ಅಪಾರ್ಟ್‌ಮೆಂಟಿನ ಕಮಿಟಿ ಮನಸ್ಸು ಮಾಡಿದರೆ ಇದು ಒಂದೇ ಮೀಟಿಂಗಿನ ಕೆಲಸ. ನೀರು ಕೊಡೋರಿಂದ ಟ್ರ್ಯಾಕ್ಟರು, ಟ್ರೇಲರು ಎರಡರ ಆರ್‌ಸಿ ಪ್ರತಿ ತೊಗೊಳ್ಳಿ. ಖಾಲಿ ತೂಕ, ತುಂಬಿದ ತೂಕ ಎರಡೂ ನೋಡಿ. ತುಂಬಿದ ತೂಕದಿಂದ ಖಾಲಿ ತೂಕ ಕಳೆಯಿರಿ. ಉಳಿದಷ್ಟು ಕೆಜಿಯೇ ಆ ಟ್ಯಾಂಕರ್ ತರಬಹುದಾದ ಲೀಟರ್, ಅದಕ್ಕಿಂತ ಒಂದು ಬಕೆಟ್ಟೂ ಜಾಸ್ತಿ ಇಲ್ಲ. ಟ್ಯಾಂಕರಿಗೆ ಬ್ರೇಕ್ ಇದೆಯಾ, ಒಳಗೆ ಅಡ್ಡ ತಗಡು ಇದೆಯಾ, ಕೊಂಡಿಗೆ ಪಿನ್ನು ಮತ್ತು ಸುರಕ್ಷಾ ಸರಪಳಿ ಇದೆಯಾ ಅಂತ ಕೇಳಿ. ಎರಡೂ ಬ್ರೇಕ್ ಪೆಡಲಿಗೆ ಚಿಲಕ ಹಾಕೋಕೆ ಡ್ರೈವರಿಗೆ ಹೇಳಿ. ಶಾಲೆಗೆ ಮಕ್ಕಳು ಹೋಗೋ, ಬರೋ ಹೊತ್ತಿನಲ್ಲಿ ರಸ್ತೆಗೆ ಟ್ಯಾಂಕರ್ ಬೇಡ ಅಂತ ಬರೆದುಕೊಡಿ. ಇಳಿಜಾರಿನ ರಸ್ತೆಯವರು 5,000 ಲೀಟರಿನ ಬದಲು 3,000 ಲೀಟರಿನ ಸಣ್ಣ ಟ್ಯಾಂಕನ್ನೇ ಪೂರ್ತಿ ತುಂಬಿಸಿ ತರೋಕೆ ಹೇಳಿ, ಎರಡು ಟ್ರಿಪ್ ಆದರೂ ಪರವಾಗಿಲ್ಲ. ನೂರಿನ್ನೂರು ರೂಪಾಯಿ ಜಾಸ್ತಿ ಕೇಳ್ತಾರೆ. ಕೊಡಿ.

ಅಧಿಕಾರಿಗಳಿಗೂ ಒಂದು ಮಾತು. ಮುಂದಿನ ಬೇಸಿಗೆಗೆ ಮತ್ತೆ ಟ್ಯಾಂಕರ್ ದರಪಟ್ಟಿ ಬರೋದಾದರೆ ಅದರಲ್ಲಿ ಇನ್ನೊಂದು ಕಾಲಂ ಸೇರಿಸಿ. ಯಾವ ಗಾಡಿ ಎಷ್ಟು ಲೀಟರ್ ತರಬಹುದು ಅಂತ. ಆಯಾ ಗಾಡಿಯ ಆ ಸಂಖ್ಯೆಯನ್ನ ಟ್ಯಾಂಕಿನ ಹಿಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಸಿ. "ಶುದ್ಧ ಕುಡಿಯುವ ನೀರು" ಅಂತ ಬರೆಯೋಕೆ ಜಾಗ ಇದೆಯಲ್ಲ, ಅದರ ಕೆಳಗೇ ಬರೆದರೆ ಸಾಕು.